ಎಂಟನೆಯ ಆಳು

ಊರು ಮಲಗಿದ ಮೇಲೆ ಆ ಮನೆಯ ಒಲೆ ಹೊತ್ತಿಕೊಳ್ಳುತ್ತಿತ್ತು. ಚೀನಾದ ಆನ್‌ಹುಯಿ ಪ್ರಾಂತ್ಯದ ವುಹು, ಯಾಂಗ್‌ಟ್ಸೆ ನದಿಯ ದಂಡೆಯ ಬಂದರು ಪಟ್ಟಣ. 1970ರ ದಶಕ. ಒಲೆಯ ಮೇಲೆ ದೊಡ್ಡ ಬಾಣಲೆ, ಬಾಣಲೆಯಲ್ಲಿ ಕಲ್ಲಂಗಡಿ ಬೀಜ. ಬೆಳಕು ಹರಿಯುವುದರೊಳಗೆ ಬೀಜ ಹುರಿದು, ಆರಿಸಿ, ಪೊಟ್ಟಣ ಕಟ್ಟಿ ಮುಗಿಸಬೇಕು. ಹಗಲಲ್ಲಿ ಹೊಗೆ ಕಂಡರೆ ಯಾರಾದರೂ ದೂರು ಕೊಡುತ್ತಾರೆ. ಹಾಗೆ ಕಳ್ಳನಂತೆ ಬೀಜ ಹುರಿಯುತ್ತಿದ್ದವನ ಹೆಸರು ನಿಯೆನ್ ಗ್ವಾಂಗ್‌ಜಿಯು. ಊರು ಅವನನ್ನು ಕರೆಯುತ್ತಿದ್ದುದು 'ದಡ್ಡ' ಎಂದು.

ದಡ್ಡ ಎಂಬ ಹೆಸರು ಅಪ್ಪನಿಂದ ಬಂದ ಆಸ್ತಿ. ಅಪ್ಪ ಬೀದಿಯಲ್ಲಿ ಹಣ್ಣು ಮಾರುವಾಗ ತೂಕಕ್ಕಿಂತ ಒಂದಿಷ್ಟು ಹೆಚ್ಚೇ ಹಾಕುತ್ತಿದ್ದ, ಅದಕ್ಕೆ ಜನ ಅವನನ್ನು ದಡ್ಡ ಎಂದರು. ಮಗನೂ ಹಾಗೆಯೇ ಪೊಟ್ಟಣ ಕೊಟ್ಟ ಮೇಲೆ ಮತ್ತೊಂದು ಹಿಡಿ ಬೀಜ ಕೈಗೆ ಸುರಿಯುತ್ತಿದ್ದ. ಓದು ಬರಹ ಬಾರದು. 1963ರಲ್ಲಿ 'ಲಾಭಕೋರತನ'ದ ಅಪರಾಧಕ್ಕೆ ಒಂದು ವರ್ಷ ಜೈಲು ಕಂಡಿದ್ದ. ಹೊರಬಂದವನು ಬೇರೆ ಏನು ಮಾಡಬಲ್ಲ? ಮತ್ತೆ ಬೀದಿಗೇ ಇಳಿದ. ಹಣ್ಣು ಬಿಟ್ಟು ಬೀಜ ಹಿಡಿದ, ಹುರಿಯುವ ಹದ ಕಲಿತ. ಕೈಗೆ ಬಂದ ದುಡ್ಡನ್ನು ಬ್ಯಾಂಕಿಗೆ ಹಾಕುವ ಧೈರ್ಯವಿಲ್ಲದೆ ಚೀಲದಲ್ಲಿ ತುಂಬಿ ಬಚ್ಚಿಟ್ಟಿದ್ದನಂತೆ. ನೋಟುಗಳಿಗೆ ಬೂಸ್ಟು ಹಿಡಿದಾಗ ಹಪ್ಪಳ ಒಣಗಿಸುವಂತೆ ಅಂಗಳದಲ್ಲಿ ಬಿಸಿಲಿಗೆ ಹರವಿದ ಎಂಬ ಕತೆ ಅವನ ಬಗ್ಗೆ ಹೇಳುವವರೆಲ್ಲರ ಬಾಯಲ್ಲೂ ಇದೆ.

ಈ ಬೀಜದ ವ್ಯಾಪಾರಿಯಿಂದಾಗಿ ಒಂದು ದೇಶದ ದೊಡ್ಡ ದೊಡ್ಡ ಪಂಡಿತರು ಒಂದು ಅಂಕಿಗಾಗಿ ತಲೆ ಕೆಡಿಸಿಕೊಂಡರು. ಒಬ್ಬ ಮನುಷ್ಯ ಎಷ್ಟು ಜನರನ್ನು ಕೂಲಿಗೆ ಇಟ್ಟುಕೊಂಡರೆ ಅವನು ದುಡಿಮೆಗಾರ, ಎಷ್ಟಾದರೆ ಶೋಷಕ? ಉತ್ತರ ಸಿಕ್ಕಿತು. ಏಳಾದರೆ ಸರಿ, ಎಂಟಾದರೆ ತಪ್ಪು. ಆ ಎಂಟು ಎಲ್ಲಿಂದ ಬಂತು ಎಂಬುದು ಆಗ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಅಲ್ಲಿಯವರೆಗೆ ಚೀನಾದ ನಗರಗಳಲ್ಲಿ ಕೂಲಿಯ ಪೇಟೆ ಎಂಬುದೇ ಇರಲಿಲ್ಲ. ಶಾಲೆ ಮುಗಿಸಿದ ಹುಡುಗನಿಗೆ ಕೆಲಸ ಹುಡುಕುವ ಹಕ್ಕೂ ಇರಲಿಲ್ಲ, ಹುಡುಕುವ ಚಿಂತೆಯೂ ಇರಲಿಲ್ಲ. ಸರ್ಕಾರದ ಕಾರ್ಮಿಕ ಕಚೇರಿ ಅವನನ್ನು ಒಂದು ಕಾರ್ಖಾನೆಗೆ ಹಂಚುತ್ತಿತ್ತು. ಹಂಚಿದ ಜಾಗದಲ್ಲೇ ಮನೆ, ಆಸ್ಪತ್ರೆ, ಮಕ್ಕಳ ಶಾಲೆ, ಮುಪ್ಪಿನ ಪಿಂಚಣಿ. ಅದನ್ನು ಜನ 'ಕಬ್ಬಿಣದ ಅನ್ನದ ಬಟ್ಟಲು' ಎಂದು ಕರೆದರು, ಎತ್ತಿ ಹಾಕಿದರೂ ಒಡೆಯುವುದಿಲ್ಲ ಎಂದು. ಕಾರ್ಖಾನೆಗೆ ಬೇಡದವನನ್ನು ಕಳಿಸುವಂತಿರಲಿಲ್ಲ, ಕೆಲಸಗಾರನಿಗೆ ಬೇಡವಾದರೆ ಬಿಟ್ಟು ಹೋಗುವಂತಿರಲಿಲ್ಲ. ಸಂಬಳಕ್ಕೆ ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಏಣಿ. 1956ರಲ್ಲಿ ನಿಗದಿಯಾದ ಆ ಏಣಿಗೆ ಕಾರ್ಮಿಕರ ಮಟ್ಟಿಗೆ ಎಂಟು ಮೆಟ್ಟಿಲು. ಒಬ್ಬರು ಇನ್ನೊಬ್ಬರಿಗೆ ಸಂಬಳ ಕೊಟ್ಟು ದುಡಿಸಿಕೊಳ್ಳುವುದು ಹಳೆಯ ಜಮೀನ್ದಾರಿ ಕಾಲದ ಪಾಪ, ಕಮ್ಯುನಿಸ್ಟ್ ಕ್ರಾಂತಿ ಅಳಿಸಿಹಾಕಿದ ಪಾಪ ಎಂದು ಎರಡು ತಲೆಮಾರು ಪಾಠ ಕಲಿತಿತ್ತು. 1978ರಲ್ಲಿ ಇಡೀ ಚೀನಾದ ಪಟ್ಟಣಗಳಲ್ಲಿ ಸ್ವಂತ ಕಸುಬಿನಿಂದ ಬದುಕುತ್ತಿದ್ದವರು ಲೆಕ್ಕಕ್ಕೆ ಸಿಕ್ಕಂತೆ ಸುಮಾರು ಒಂದೂವರೆ ಲಕ್ಷ ಮಾತ್ರ.

ಈ ಕಟ್ಟು ಮೊದಲು ಸಡಿಲವಾದದ್ದು ಪುಸ್ತಕದಿಂದಲ್ಲ, ರೈಲಿನಿಂದ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ನಗರದ ಒಂದೂವರೆ ಕೋಟಿಗೂ ಹೆಚ್ಚು ಹುಡುಗ ಹುಡುಗಿಯರನ್ನು ಹಳ್ಳಿಗಾಡಿಗೆ ಕಳಿಸಲಾಗಿತ್ತು, ರೈತರಿಂದ ಕಲಿತು ಬನ್ನಿ ಎಂದು. ಕೆಲವರು ಹತ್ತು ವರ್ಷ ಅಲ್ಲೇ ಕಳೆದರು. 1978ರ ನವೆಂಬರ್‌ನಲ್ಲಿ ಯುನ್ನಾನ್ ಪ್ರಾಂತ್ಯದ ರಬ್ಬರ್ ತೋಟವೊಂದರಲ್ಲಿ ಶಾಂಘಾಯಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಸರಿಯಾದ ವೈದ್ಯ ಸಿಗಲಿಲ್ಲ. ಸಂಕಟ ಸಿಟ್ಟಾಯಿತು, ಸಿಟ್ಟು ಮುಷ್ಕರವಾಯಿತು. ಬೀಜಿಂಗ್‌ಗೆ ಹೋಗಿ ಮೊರೆಯಿಡಲು ಹೊರಟವರಿಗೆ ಕುನ್‌ಮಿಂಗ್‌ನಲ್ಲಿ ರೈಲು ಹತ್ತಲು ಬಿಡಲಿಲ್ಲ. ಅವರು ಹಳಿಗಳ ಮೇಲೆಯೇ ಮಲಗಿದರು. ಅದು ಡಿಸೆಂಬರ್ ತಿಂಗಳು. ಅದೇ ತಿಂಗಳು ಬೀಜಿಂಗ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕರು ಸಭೆ ಸೇರಿ ಆರ್ಥಿಕ ಸುಧಾರಣೆಯ ದಾರಿ ಹಿಡಿಯಲು ತೀರ್ಮಾನಿಸುತ್ತಿದ್ದರು. ಚರಿತ್ರೆಯ ಪುಸ್ತಕಗಳು ಆ ಸಭೆಗೆ ಬಹಳ ಪುಟ ಕೊಡುತ್ತವೆ. ಹಳಿಯ ಮೇಲೆ ಮಲಗಿದವರಿಗೂ ಅಷ್ಟೇ ಪುಟ ಸಲ್ಲಬೇಕು.

ಕೊನೆಗೆ ಹಳ್ಳಿಗಾಡಿಗೆ ಹೋಗಿದ್ದ ಮಕ್ಕಳು ಮನೆಗೆ ಮರಳಿದರು. ಮರಳಿದವರಿಗೆ ಕೆಲಸವಿರಲಿಲ್ಲ. ಸಮಾಜವಾದಿ ದೇಶದಲ್ಲಿ ನಿರುದ್ಯೋಗ ಇರುವಂತಿಲ್ಲವಾದ್ದರಿಂದ ಅವರಿಗೆ 'ಕೆಲಸಕ್ಕೆ ಕಾಯುತ್ತಿರುವ ಯುವಜನರು' ಎಂದು ಹೆಸರಿಟ್ಟರು. ದಾಖಲೆಯ ಲೆಕ್ಕದಲ್ಲೇ 1979ರಲ್ಲಿ ಅಂಥವರು 50 ಲಕ್ಷ ಮೀರಿದ್ದರು. ಅಪ್ಪ ಬೇಗ ನಿವೃತ್ತನಾಗಿ ತನ್ನ ಜಾಗವನ್ನು ಮಗನಿಗೆ ಬಿಟ್ಟುಕೊಡುವ ಏರ್ಪಾಡು ಬಂತು. ಒಂದು ಕುರ್ಚಿಗೆ ಒಬ್ಬನೇ ತಾನೆ. ಇಬ್ಬರು ಮೂವರು ಮಕ್ಕಳಿದ್ದ ಮನೆಗಳಲ್ಲಿ ಅದೇ ಜಗಳಕ್ಕೆ ಕಾರಣವಾಯಿತು.

ಆಗ ಮಾತಾಡಿದವನು ಶುವೆ ಮುಚಿಯಾವೊ. 1904ರಲ್ಲಿ ಹುಟ್ಟಿದ ಹಿರಿಯ ಅರ್ಥಶಾಸ್ತ್ರಜ್ಞ, ಯೋಜನಾ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ತಾನೂ ಒಬ್ಬ. ಎಪ್ಪತ್ತೈದರ ಹೊತ್ತಿಗೆ ಅವನು ತನ್ನ ಕೈಯಾರೆ ಕಟ್ಟಿದ್ದರಲ್ಲೇ ಬಿರುಕು ತೋರಿಸಿದ. ಸರ್ಕಾರವೊಂದೇ ಎಲ್ಲರಿಗೂ ಕೆಲಸ ಕೊಡುತ್ತೇನೆ ಎಂಬ ಹಟ ಬಿಡಬೇಕು, ಜನ ತಾವೇ ಕೆಲಸ ಹುಡುಕಿಕೊಳ್ಳಲಿ, ಹುಟ್ಟಿಸಿಕೊಳ್ಳಲಿ ಎಂದ. ತಾನು ಕಟ್ಟಿದ್ದು ತಪ್ಪು ಎನ್ನಲು ಆ ವಯಸ್ಸಿನಲ್ಲಿ ಎದೆ ಬೇಕು.

1979ರ ಏಪ್ರಿಲ್‌ನಲ್ಲಿ ಬಾಗಿಲು ಒಂದಿಷ್ಟು ತೆರೆಯಿತು. ಪಟ್ಟಣದಲ್ಲಿ ಕೆಲಸವಿಲ್ಲದವರು ರಿಪೇರಿ, ಕೈಕಸುಬು, ಸೇವೆಯಂಥ ಸಣ್ಣ ದುಡಿಮೆ ಮಾಡಿಕೊಳ್ಳಬಹುದು ಎಂದು ಸರ್ಕಾರ ಒಪ್ಪಿತು. ಒಂದು ಷರತ್ತು ಇತ್ತು, ಆಳು ಇಟ್ಟುಕೊಳ್ಳಕೂಡದು.

ಬೀಜಿಂಗ್‌ನ ಚಿಯೆನ್‌ಮೆನ್ ಬಳಿ ಯಿನ್ ಶೆಂಗ್‌ಶಿ ಎಂಬಾತ ಸರ್ಕಾರಿ ನೌಕರಿ ಬಿಟ್ಟು, ಕೆಲಸಕ್ಕೆ ಕಾಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ತರುಣರನ್ನು ಕಟ್ಟಿಕೊಂಡು ಚಹಾದ ಅಂಗಡಿ ಹಾಕಿದ. ದೊಡ್ಡ ಬಟ್ಟಲಿನ ಚಹಾಕ್ಕೆ ಎರಡು ಫೆನ್. ಒಂದು ಯುವಾನ್‌ಗೆ ನೂರು ಫೆನ್. ಶಾಲೆ ಓದಿದ ಮಕ್ಕಳಿಗೆ ಬೀದಿಯಲ್ಲಿ ನಿಂತು ಚಹಾ ಎಂದು ಕೂಗಲು ನಾಚಿಕೆ. ಆ ನಾಚಿಕೆ ಬಿಟ್ಟ ಮೇಲೆ ಬಟ್ಟಲುಗಳು ಖಾಲಿಯಾಗತೊಡಗಿದವು.

1980ರಲ್ಲಿ ಅದೇ ನಗರದ ಓಣಿಯೊಂದರಲ್ಲಿ ಲಿಯು ಗುಯಿಶಿಯೆನ್ ಎಂಬ ಐದು ಗಂಡುಮಕ್ಕಳ ತಾಯಿ ಹೋಟೆಲ್ ಹಾಕುವ ಆಸೆ ಹೊತ್ತು ಪರವಾನಗಿ ಕಚೇರಿಗೆ ಅಲೆದಳು. ದಿನವೂ ಹೋದಳು. ಕೊಡಬಹುದೋ ಕೊಡಬಾರದೋ ಎಂದು ಅಲ್ಲಿಯವರಿಗೇ ತಿಳಿಯದು. ಅವಳ ಅಲೆದಾಟಕ್ಕೆ ಕಚೇರಿಯೇ ಸೋತಿತು. ಒಪ್ಪಿಗೆ ಸಿಕ್ಕಿತು, ಆದರೆ ಅಕ್ಕಿ, ಎಣ್ಣೆ, ಮಾಂಸ ಎಲ್ಲವೂ ಪಡಿತರ ಚೀಟಿಗೇ ಸಿಗುವ ಕಾಲ. ಹೋಟೆಲಿಗೆ ಎಲ್ಲಿಯ ಚೀಟಿ? ಚೀಟಿಯಿಲ್ಲದೆ ಸಿಗುತ್ತಿದ್ದದ್ದು ಬಾತುಕೋಳಿ. ಕೈಯಲ್ಲಿದ್ದ 36 ಯುವಾನ್‌ಗೆ ನಾಲ್ಕು ಬಾತುಕೋಳಿ ತಂದು, ಸೆಪ್ಟೆಂಬರ್ 30ರಂದು ಒಲೆ ಹಚ್ಚಿದಳು. ಓಣಿಯ ತುಂಬ ಜನ ಸಾಲು ನಿಂತರು. ಮರುವರ್ಷದ ಚಾಂದ್ರಮಾನ ಹೊಸ ವರ್ಷಕ್ಕೆ ಇಬ್ಬರು ಉಪಪ್ರಧಾನಿಗಳು, ಯಾವೊ ಯಿಲಿನ್ ಮತ್ತು ಚೆನ್ ಮುಹುವಾ, ಆ ಪುಟ್ಟ ಯುವೆಬಿನ್ ಹೋಟೆಲಿಗೆ ಬಂದು ಶುಭಾಶಯ ಹೇಳಿ ಹೋದರು. ಭಾಷಣದಲ್ಲಿ ಹೇಳಲಾಗದ್ದನ್ನು ಆ ಭೇಟಿ ಹೇಳಿತು. ಅದಕ್ಕೂ ತುಸು ಮುಂಚೆ, 1980ರ ಡಿಸೆಂಬರ್‌ನಲ್ಲಿ, ದಕ್ಷಿಣದ ವೆನ್‌ಝೌ ಪಟ್ಟಣದಲ್ಲಿ ಮನೆಯ ಮುಂದೆ ಮೇಜು ಹಾಕಿಕೊಂಡು ಗುಂಡಿ ಮಾರುತ್ತಿದ್ದ ಝಾಂಗ್ ಹುವಾಮೇ ಎಂಬ ಹುಡುಗಿಗೆ ಸ್ವಂತ ವ್ಯಾಪಾರದ ಪರವಾನಗಿ ದೊರೆತಿತ್ತು. ಚೀನಾದ ಮೊದಲ ಅಂಥ ಪರವಾನಗಿ ಎಂದು ಇಂದಿಗೂ ಹೆಸರಾಗಿರುವುದು ಅದೇ.

ಒಬ್ಬಂಟಿ ದುಡಿಮೆಯ ತನಕ ಯಾರಿಗೂ ತಕರಾರಿರಲಿಲ್ಲ. ಗಿರಾಕಿ ಹೆಚ್ಚಾದಾಗ ತೊಡಕು ಶುರುವಾಯಿತು.

ವುಹುವಿನ ದಡ್ಡನ ಅಂಗಡಿಯಲ್ಲಿ ಆದದ್ದು ಅದೇ. ಹಗಲಲ್ಲೇ ಒಲೆ ಹಚ್ಚುವ ಕಾಲ ಬಂದಿತ್ತು. ಬೀಜವನ್ನು ಹಲ್ಲಿಗಿಟ್ಟು ಕಚ್ಚಿದರೆ ಮೂರು ಸೀಳಾಗಿ ಬಿರಿಯಬೇಕು, ಅದು ಅವನ ಹದ. ಬೀಜ ಕೊಳ್ಳಲು ಬಂದ ಸಾಲು ಬೀದಿ ತಿರುಗಿತು. ಅವನೂ ಮಕ್ಕಳೂ ಎಷ್ಟು ಹುರಿದರೂ ಸಾಲದು. ಅವನು ಕೆಲವರನ್ನು ಸಂಬಳಕ್ಕೆ ಇಟ್ಟುಕೊಂಡ. ಸಾಲು ಕರಗಲಿಲ್ಲ. ಮತ್ತೆ ಕೆಲವರು ಬಂದರು. ಕೆಲಸಕ್ಕೆ ಕಾಯುತ್ತಿದ್ದ ಹುಡುಗರಿಗೆ ಕೆಲಸ ಬೇಕಿತ್ತು, ಒಲೆಗೆ ಕೈ ಬೇಕಿತ್ತು. ನಡುವೆ ಯಾವ ಕಚೇರಿಯೂ ಇಲ್ಲದೆ ಇಬ್ಬರೂ ಒಬ್ಬರನ್ನೊಬ್ಬರು ಕಂಡುಕೊಂಡರು. ಆಳುಗಳ ಸಂಖ್ಯೆ ಹನ್ನೆರಡಾಯಿತು.

ಹನ್ನೆರಡು! ಊರಿನಲ್ಲಿ ಗುಸುಗುಸು ಎದ್ದಿತು. ಹನ್ನೆರಡು ಜನ ಒಬ್ಬನಿಗಾಗಿ ದುಡಿಯುತ್ತಾರೆ, ಲಾಭ ಅವನ ಚೀಲಕ್ಕೆ ಹೋಗುತ್ತದೆ, ಇದು ಬಂಡವಾಳಶಾಹಿಯಲ್ಲದೆ ಇನ್ನೇನು? ದೂರುಗಳು ಜಿಲ್ಲೆಗೆ ಹೋದವು, ಪ್ರಾಂತ್ಯಕ್ಕೆ ಹೋದವು, ಬೀಜಿಂಗ್ ತಲುಪಿದವು. ಹಿಡಿದು ಶಿಕ್ಷಿಸಬೇಕು ಎಂದರು ಹಲವರು. ಓದಲು ಬಾರದ ಮನುಷ್ಯ ಇದ್ಯಾವುದನ್ನೂ ಓದಲಿಲ್ಲ. ಬೀಜ ಹುರಿಯುತ್ತಲೇ ಇದ್ದ.

ಅತ್ತ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗಾವೊಯಾವೊದಲ್ಲಿ ಇನ್ನೊಬ್ಬ ಅದೇ ಬಲೆಗೆ ಸಿಕ್ಕಿಬಿದ್ದಿದ್ದ. ಚೆನ್ ಝಿಶ್ಯುಂಗ್ ಎಂಬ ಮೀನು ಸಾಕುವ ರೈತ. 1979ರಲ್ಲಿ ಊರ ಒಕ್ಕೂಟದಿಂದ 8 ಮು ಕೆರೆ ಗುತ್ತಿಗೆಗೆ ಹಿಡಿದ, ಎಂದರೆ ಒಂದೂಕಾಲು ಎಕರೆಗೆ ತುಸು ಮೇಲೆ. ಗಂಡ ಹೆಂಡತಿ ದುಡಿದರು, ಲಾಭ ಬಂತು. ಮರುವರ್ಷ 141 ಮು ಹಿಡಿದ. ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬ ಕಾಯಂ ಆಳು, ಜೊತೆಗೆ ಬಿಡಿ ಕೂಲಿಯ 400 ದಿನಗಳ ದುಡಿಮೆ. 1981ರಲ್ಲಿ 497 ಮು, ಅಂದರೆ ಎಂಬತ್ತು ಎಕರೆ ದಾಟಿತು. ಐವರು ಕಾಯಂ ಆಳುಗಳು, ಬಿಡಿ ಕೂಲಿ ಸಾವಿರ ದಿನ.

ಪಕ್ಷದ ಪತ್ರಿಕೆಯಾದ ಪೀಪಲ್ಸ್ ಡೈಲಿ 1981ರ ಮೇ 29ರಂದು ಈ ಕೆರೆಯ ಕತೆ ಅಚ್ಚು ಹಾಕಿ ಚರ್ಚೆಗೆ ಕರೆ ಕೊಟ್ಟಿತು. ಸುಮಾರು ಮೂರು ತಿಂಗಳು ವಾದ ನಡೆಯಿತು. ಊರ ಕೆರೆಯಲ್ಲಿ ಬೇರೆಯವರ ಬೆವರಿನಿಂದ ಮೀನು ಬೆಳೆದು ಒಬ್ಬ ಸಿರಿವಂತನಾದರೆ ಅದು ಶೋಷಣೆ ಎಂದರು ಒಂದು ಕಡೆಯವರು. ಅವನೂ ಕೆಸರಿಗಿಳಿದು ದುಡಿಯುತ್ತಾನೆ, ನಷ್ಟವಾದರೆ ತಾನೇ ಹೊರುತ್ತಾನೆ, ಮೊದಲು ಪಾಳು ಬಿದ್ದ ಕೆರೆಯಿಂದ ಈಗ ಊರಿಗೂ ಗುತ್ತಿಗೆ ಹಣ ಬರುತ್ತಿದೆ ಎಂದರು ಇನ್ನೊಂದು ಕಡೆಯವರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಗುತ್ತಿಗೆ ಸರಿ ಎಂದಾಯಿತು. ಆಳಿನ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಒಬ್ಬ ಆಳು ಸರಿಯಾದರೆ ಐವರು ಏಕೆ ತಪ್ಪು? ಐವರು ಸರಿಯಾದರೆ ಐವತ್ತು?

ಎಲ್ಲೋ ಒಂದು ಗೆರೆ ಬೇಕಿತ್ತು. ಸುಧಾರಣೆಯ ಪರ ಇದ್ದವರಿಗೆ ಅದು ಹೆಚ್ಚು ಬೇಕಿತ್ತು, ಏಕೆಂದರೆ ಗೆರೆಯಿಲ್ಲದಿದ್ದರೆ ಒಬ್ಬ ಆಳನ್ನು ಇಟ್ಟುಕೊಂಡವನನ್ನೂ ಜೈಲಿಗೆ ತಳ್ಳಬಹುದಿತ್ತು. ಗೆರೆ ಎಳೆಯುವ ಕೋಲನ್ನು ಯಾರ ಕೈಯಿಂದ ತರುವುದು? ಆ ಕಾಲದಲ್ಲಿ ಎದುರಾಡಲು ಯಾರಿಗೂ ಬಾಯಿ ಬಾರದ ಸಾಕ್ಷಿ ಒಬ್ಬನೇ ಇದ್ದ, ಕಾರ್ಲ್ ಮಾರ್ಕ್ಸ್. ಪಕ್ಷದ ಕೇಂದ್ರ ಕಚೇರಿಯ ಸಂಶೋಧನಾ ವಿಭಾಗದಲ್ಲಿದ್ದ ಅರ್ಥಶಾಸ್ತ್ರಜ್ಞ ಲಿನ್ ಝಿಲಿ 'ಬಂಡವಾಳ' ಗ್ರಂಥದ ಪುಟಗಳಲ್ಲಿ ಹುಡುಕಿದ. ನೂರು ವರ್ಷದ ಹಿಂದೆ ಲಂಡನ್‌ನಲ್ಲಿ ಕೂತು ಬರೆದ ಪುಸ್ತಕದಲ್ಲಿ, ಗಾವೊಯಾವೊದ ಕೆರೆಗೂ ವುಹುವಿನ ಬಾಣಲೆಗೂ ಅನ್ವಯಿಸುವ ಉತ್ತರ ಇರುವುದು ಸಾಧ್ಯವೇ? ಮೊದಲ ಸಂಪುಟದಲ್ಲಿ, ಮಿಗುತಾಯ ಮೌಲ್ಯವನ್ನು, ಅಂದರೆ ಆಳಿನ ದುಡಿಮೆಯಲ್ಲಿ ಧಣಿಗೆ ಉಳಿಯುವ ಪಾಲನ್ನು, ಲೆಕ್ಕ ಹಾಕುವ ಅಧ್ಯಾಯದಲ್ಲಿ ಒಂದು ಉದಾಹರಣೆ ಸಿಕ್ಕಿತು. ಅದರಲ್ಲಿ ಒಂದು ಅಂಕಿ ಇತ್ತು, ಎಂಟು. ಈ ಹುಡುಕಾಟದ ಹೆಸರು ಸಾಮಾನ್ಯವಾಗಿ ಲಿನ್ ಝಿಲಿಗೇ ಸಲ್ಲುತ್ತದೆ.

1981ರ ಜುಲೈ 7ರಂದು ಸರ್ಕಾರದ ನಿಯಮ ಹೊರಬಿತ್ತು. ಸ್ವಂತ ಕಸುಬಿನವರು ಒಬ್ಬ ಅಥವಾ ಇಬ್ಬರು ಸಹಾಯಕರನ್ನು ಇಟ್ಟುಕೊಳ್ಳಬಹುದು. ವಿಶೇಷ ಕುಶಲತೆ ಬೇಕಾದ ಕಸುಬಾದರೆ ಎರಡು ಮೂರು, ಹೆಚ್ಚೆಂದರೆ ಐದು ಜನ ಶಿಷ್ಯರನ್ನೂ ಸೇರಿಸಿಕೊಳ್ಳಬಹುದು. 'ಆಳು' ಎಂಬ ಮಾತು ಎಲ್ಲೂ ಬರದಂತೆ ಸಹಾಯಕ, ಶಿಷ್ಯ ಎಂದೇ ಬರೆದಿದ್ದರು. ಎರಡಕ್ಕೆ ಐದು ಕೂಡಿದರೆ ಏಳು. ಏಳರ ತನಕ ಅವನು ಕಸುಬುದಾರ. ಎಂಟನೆಯವನು ಹೊಸ್ತಿಲು ದಾಟಿದ ಕ್ಷಣ ಅವನು ಬಂಡವಾಳಶಾಹಿ. ಬೀದಿಯಲ್ಲಿ ಜನ 'ಏಳು ಕೆಳಗೆ, ಎಂಟು ಮೇಲೆ' ಎಂದು ಬೆರಳೆಣಿಸತೊಡಗಿದರು.

ವುಹುವಿನ ದಡ್ಡ ಆ ಹೊತ್ತಿಗೆ ಎಂಟನ್ನು ಎಂದೋ ದಾಟಿಬಿಟ್ಟಿದ್ದ. ದಾಟಿದವನು ಸುಮ್ಮನಾದರೂ ಇರಬಹುದಿತ್ತು. ಇರಲಿಲ್ಲ. ಒಂದು ಜಿನ್, ಅಂದರೆ ಅರ್ಧ ಕಿಲೋ ಬೀಜಕ್ಕೆ ಸರ್ಕಾರಿ ಅಂಗಡಿಗಳು 2.40 ಯುವಾನ್ ಹೇಳುತ್ತಿದ್ದಾಗ ತನ್ನದನ್ನು 1.76ಕ್ಕೆ ಇಳಿಸಿದ. ಬೆಲೆ ಎಂಬುದು ಸರ್ಕಾರದ ಕಾಗದದಲ್ಲಿ ಹುಟ್ಟುವ ವಸ್ತು ಎಂದು ನಂಬಿದ್ದ ನಾಡಿನಲ್ಲಿ ಅದು ಆಳು ಇಟ್ಟುಕೊಂಡದ್ದಕ್ಕಿಂತ ದೊಡ್ಡ ದಿಟ್ಟತನ. ಅಂಗಡಿ ಕಾರ್ಖಾನೆಯಾಯಿತು. ದುಡಿಯುವವರು ನೂರು ದಾಟಿದರು.

ಅಷ್ಟರಲ್ಲಿ ಗಾಳಿ ತಿರುಗಿತು. 1982ರಲ್ಲಿ ಆರ್ಥಿಕ ಅಪರಾಧಗಳ ವಿರುದ್ಧ ದೇಶವ್ಯಾಪಿ ಬೇಟೆ ನಡೆಯಿತು. ವೆನ್‌ಝೌ ಸೀಮೆಯ ಲಿಯುಶಿಯಲ್ಲಿ ವಿದ್ಯುತ್ ಸಾಮಾನು, ತಿರುಪು, ಸುರುಳಿ, ಹಳೆ ಸರಕು ಮಾರಿ ಹೆಸರಾದ ಎಂಟು ಜನರನ್ನು ಜನ ಆಯಾ ಸರಕಿನ 'ರಾಜ' ಎಂದು ಕರೆಯುತ್ತಿದ್ದರು. ಅಲ್ಲೂ ಎಂಟೇ, ಬರಿಯ ಕಾಕತಾಳೀಯ. ಆ ರಾಜರ ಮೇಲೆ ಪ್ರಕರಣಗಳು ಬಿದ್ದವು. ಕೆಲವರು ಸೆರೆಯಾದರು, ತಿರುಪಿನ ರಾಜನಂಥವರು ಊರು ಬಿಟ್ಟು ಓಡಿದರು. ಮಗ್ಗುಲಲ್ಲೇ ವ್ಯಾಪಾರ ಮಾಡುತ್ತಿದ್ದ ಸಣ್ಣವರು ಬಾಗಿಲು ಹಾಕಿದರು, ಪರವಾನಗಿ ವಾಪಸು ಕೊಟ್ಟರು. ಎರಡು ವರ್ಷದ ಮೇಲೆ, 1984ರಲ್ಲಿ, ಅವರದು ತಪ್ಪಲ್ಲವೆಂದು ತೀರ್ಮಾನವಾಗಿ ಹೆಸರು ಮರಳಿತು. ಸೆರೆಮನೆಯ ದಿನಗಳನ್ನು ಹಿಂದಕ್ಕೆ ಕೊಡಲು ಯಾರಿಂದ ಆದೀತು?

ಮೇಲಿದ್ದವರು ಮಾತ್ರ ಆಳಿನ ಪ್ರಶ್ನೆಗೆ ವಿಚಿತ್ರವಾದ ಉತ್ತರ ಹುಡುಕಿದ್ದರು. 1983ರ ಆರಂಭದಲ್ಲಿ ಹೊರಟ ಹಳ್ಳಿಗಾಡಿನ ಕುರಿತ ದಸ್ತಾವೇಜಿನಲ್ಲಿ, ಮಿತಿ ಮೀರಿ ಆಳಿಟ್ಟವರ ಬಗ್ಗೆ ಮೂರು 'ಬೇಡ'ಗಳಿದ್ದವು. ಪ್ರೋತ್ಸಾಹ ಬೇಡ, ಪ್ರಚಾರ ಬೇಡ, ನಿಷೇಧಿಸಲು ಅವಸರವೂ ಬೇಡ. ಹೊಲಕ್ಕೆ ಬಿತ್ತಿದ ರೈತ ಮೊಳಕೆ ಕಳೆಯೋ ಪೈರೋ ಎಂದು ತಿಳಿಯುವ ತನಕ ಗುದ್ದಲಿ ಎತ್ತದೆ ಕಾಯುತ್ತಾನಲ್ಲ, ಅಂಥ ಕಾಯುವಿಕೆ. ಗುದ್ದಲಿ ಯಾವಾಗ ಬೀಳುತ್ತದೋ ಎಂಬ ಅಂಜಿಕೆಯಲ್ಲಿ ನೂರಾರು ಸಣ್ಣ ಕಾರ್ಖಾನೆಗಳು ಕೆಂಪು ಟೋಪಿ ಹಾಕಿಕೊಂಡವು. ಅಂದರೆ ಒಡೆತನ ತಮ್ಮದಾದರೂ ಕಾಗದದ ಮೇಲೆ ಊರಿನ ಸಾಮೂಹಿಕ ಉದ್ಯಮ ಎಂದು ಬರೆಸಿ, ಆ ಹೆಸರಿನ ನೆರಳಲ್ಲಿ ಬದುಕಿದವು.

1984ರ ಅಕ್ಟೋಬರ್ 22ರಂದು ಬೀಜಿಂಗ್‌ನಲ್ಲಿ ಪಕ್ಷದ ಹಿರಿಯರ ಸಲಹಾ ಮಂಡಳಿಯ ಸಭೆ ನಡೆಯಿತು. ಡೆಂಗ್ ಶಿಯಾವೊಪಿಂಗ್ ಮಾತಾಡುತ್ತ ಆಳಿನ ಪ್ರಶ್ನೆಗೆ ಬಂದ. ಎಲ್ಲರೂ ಇದರಿಂದ ಕಳವಳಗೊಂಡಿದ್ದಾರೆ, ಇನ್ನೆರಡು ವರ್ಷ ನೋಡೋಣ ಎಂಬುದು ತನ್ನ ಅಭಿಪ್ರಾಯ ಎಂದ. ಈಗ ಮುಟ್ಟಿದರೆ ನೀತಿ ಬದಲಾಯಿತೆಂದು ಜನ ಹೆದರುತ್ತಾರೆ. ಆ ದಡ್ಡನ ಬೀಜ ಇನ್ನಷ್ಟು ದಿನ ಮಾರಾಟವಾದರೆ ಹೆದರುವಂಥದ್ದೇನಿದೆ, ಸಮಾಜವಾದಕ್ಕೇನು ಹಾನಿ ಎಂದು ಕೇಳಿದ. ದೇಶದ ಅತಿ ದೊಡ್ಡ ನಾಯಕನ ಬಾಯಲ್ಲಿ ಬೀದಿ ವ್ಯಾಪಾರಿಯೊಬ್ಬನ ಸರಕಿನ ಹೆಸರು ಬಂತು. ಪಂಡಿತರು ಮೂರು ವರ್ಷ ಜಗ್ಗಾಡಿದ ಗಂಟನ್ನು ಡೆಂಗ್ ಬಿಚ್ಚಲಿಲ್ಲ. ಬಿಚ್ಚುವ ಕೆಲಸವನ್ನು ಕಾಲಕ್ಕೆ ಬಿಟ್ಟ. ಅದೇ ಆ ದಿನದ ದೊಡ್ಡ ತೀರ್ಮಾನವಾಯಿತು.

ದಡ್ಡನ ಪಾಲಿಗೆ ಮುಂದಿನ ವರ್ಷಗಳು ಸಲೀಸಾಗಿರಲಿಲ್ಲ. ಅದೇ 1984ರಲ್ಲಿ ಸರ್ಕಾರಿ ಕಂಪನಿಗಳ ಜೊತೆ ಸೇರಿ ಜಂಟಿ ಸಂಸ್ಥೆ ಕಟ್ಟಿದ. ಬೀಜದ ಜೊತೆ ಬಹುಮಾನದ ಚೀಟಿ ಕೊಟ್ಟು ಭಾರಿ ಮಾರಾಟ ಮಾಡಿದ. 1985ರ ಮಾರ್ಚ್‌ನಲ್ಲಿ ಸರ್ಕಾರ ಬಹುಮಾನದ ಮಾರಾಟವನ್ನೇ ದೇಶದಾದ್ಯಂತ ನಿಷೇಧಿಸಿತು. ಸರಕು ವಾಪಸು ಬಂತು, ನಷ್ಟ ತಲೆಯ ಮೇಲೆ ಬಿತ್ತು. 1989ರಲ್ಲಿ ಮತ್ತೆ ಸೆರೆ. 1992ರ ಆರಂಭದಲ್ಲಿ ಡೆಂಗ್ ದಕ್ಷಿಣ ಚೀನಾದ ಪ್ರವಾಸದಲ್ಲಿ ಇನ್ನೊಮ್ಮೆ ಅವನ ಬೀಜದ ಮಾತೆತ್ತಿದ ಕೆಲವೇ ವಾರಗಳಲ್ಲಿ ಬಿಡುಗಡೆಯಾಯಿತು. 2023ರ ಜನವರಿ 11ರಂದು ನಿಯೆನ್ ಗ್ವಾಂಗ್‌ಜಿಯು ತೀರಿಕೊಂಡ. ಡೆಂಗ್‌ನನ್ನು ಅವನು ಒಮ್ಮೆಯೂ ಭೇಟಿಯಾಗಿರಲಿಲ್ಲ.

ನಡುವೆ ಕಬ್ಬಿಣದ ಬಟ್ಟಲಿಗೂ ಪೆಟ್ಟು ಬೀಳತೊಡಗಿತ್ತು. 1986ರ ಜುಲೈನಲ್ಲಿ ಹೊರಟ ಆದೇಶದಂತೆ, ಅಕ್ಟೋಬರ್ 1ರಿಂದ ಸರ್ಕಾರಿ ಕಾರ್ಖಾನೆಗೆ ಹೊಸದಾಗಿ ಸೇರುವವರೆಲ್ಲ ಗೊತ್ತಾದ ಅವಧಿಯ ಕರಾರಿಗೆ ಸಹಿ ಹಾಕಬೇಕಾಯಿತು. ಅಪ್ಪನ ಜಾಗಕ್ಕೆ ಮಗ ಬರುವ ಪದ್ಧತಿ ನಿಂತಿತು. ಅದೇ ವರ್ಷದ ಆಗಸ್ಟ್ 3ರಂದು ಶೆನ್‌ಯಾಂಗ್‌ನ ಸ್ಫೋಟನಿರೋಧಕ ಉಪಕರಣಗಳ ಪುಟ್ಟ ಕಾರ್ಖಾನೆಯೊಂದು ದಿವಾಳಿ ಎಂದು ಘೋಷಣೆಯಾಯಿತು. ಕ್ರಾಂತಿಯ ನಂತರ ಚೀನಾದಲ್ಲಿ ದಿವಾಳಿಯಾದ ಮೊದಲ ಕಾರ್ಖಾನೆ ಅದು. ಅಲ್ಲಿ ದುಡಿಯುತ್ತಿದ್ದವರು ತಮ್ಮ ಬಟ್ಟಲು ಒಡೆಯಬಲ್ಲದು ಎಂದು ಅಂದು ಮೊದಲ ಬಾರಿ ಕಂಡರು. ಮುಂದಿನ ದಶಕದ ಕೊನೆಯಲ್ಲಿ ಕೋಟಿಗಟ್ಟಲೆ ಜನ ಅದನ್ನು ಕಾಣಬೇಕಾಯಿತು. ಅದು ಬಹಳ ನೋವಿನ ಕತೆ. ಕೆಲಸ ಹುಡುಕುವ ಹಕ್ಕು, ಕೆಲಸ ಕಳೆದುಕೊಳ್ಳುವ ಭಯ, ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದಿದ್ದವು.

ಡೆಂಗ್ ಕೇಳಿದ ಎರಡು ವರ್ಷ ಮುಗಿದವು. 1987ರ ಜನವರಿಯ ದಸ್ತಾವೇಜು ಆಳಿನ ಮಿತಿಯನ್ನು ಕೈಬಿಟ್ಟಿತು. ಖಾಸಗಿ ಉದ್ಯಮ ಇರಲಿ, ಅದರ ಮೇಲೆ ಉಸ್ತುವಾರಿ ಇರಲಿ ಎಂದಿತು. 1988ರ ಏಪ್ರಿಲ್‌ನಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ಖಾಸಗಿ ಆರ್ಥಿಕತೆಗೆ ಜಾಗ ದೊರೆಯಿತು.

ಅಷ್ಟು ಜನರನ್ನು ಕಾಡಿದ ಎಂಟರ ಗುಟ್ಟು ಇಷ್ಟೇ. ಮಾರ್ಕ್ಸ್ ಆ ಅಧ್ಯಾಯದಲ್ಲಿ ಒಂದು ಮನೆಲೆಕ್ಕ ಹಾಕಿದ್ದ. ಒಬ್ಬ ಕೆಲಸಗಾರ ದಿನಕ್ಕೆ 12 ಗಂಟೆ ದುಡಿಯುತ್ತಾನೆ ಎಂದಿಟ್ಟುಕೊಳ್ಳಿ. ಅದರಲ್ಲಿ 8 ಗಂಟೆಯ ದುಡಿಮೆ ಅವನ ಹೊಟ್ಟೆಬಟ್ಟೆಗೆ, ಉಳಿದ 4 ಗಂಟೆಯದು ಧಣಿಗೆ. ಹಾಗಾದರೆ ಇಬ್ಬರು ಆಳುಗಳಿದ್ದರೆ ಧಣಿ ತಾನು ದುಡಿಯದೆ ಒಬ್ಬ ಕೆಲಸಗಾರನಷ್ಟು ಮಾತ್ರ ಉಣ್ಣಬಲ್ಲ. ಅದರ ಎರಡರಷ್ಟು ಸುಖವಾಗಿರಲು ನಾಲ್ವರು ಬೇಕು. ಬಂದ ಮಿಗುತಾಯದಲ್ಲಿ ಅರ್ಧವನ್ನು ಮತ್ತೆ ವ್ಯಾಪಾರಕ್ಕೆ ತೊಡಗಿಸಬೇಕಾದರೆ ನಾಲ್ವರ ಇಮ್ಮಡಿ, ಎಂಟು. ಅದಕ್ಕಿಂತ ಕಡಿಮೆ ಇದ್ದು ತಾನೂ ಕೈಹಾಕಿ ದುಡಿಯುವವನು ಧಣಿಗೂ ಕೂಲಿಗೂ ನಡುವಿನ ಸಣ್ಣ ಯಜಮಾನ. ಧಣಿಯ ಪಾಲು 4 ಗಂಟೆ ಎಂಬುದು ಲೆಕ್ಕದ ಸಲುವಾಗಿ ಹಿಡಿದ ಸಂಖ್ಯೆ. 6 ಗಂಟೆ ಎಂದು ಹಿಡಿದಿದ್ದರೆ ಎಂಟಿನ ಜಾಗದಲ್ಲಿ ನಾಲ್ಕು ಬರುತ್ತಿತ್ತು. ವಿವರಣೆಗೆಂದು ಹಾಕಿದ ಒಂದು ಉದಾಹರಣೆ, ನೂರು ವರ್ಷದ ಮೇಲೆ ಚೀನಾದಲ್ಲಿ ಕಾನೂನಿನ ಗೆರೆಯಾಯಿತು.

1988ರ ಜೂನ್‌ನಲ್ಲಿ ಖಾಸಗಿ ಉದ್ಯಮಗಳ ನಿಯಮಾವಳಿ ಬರೆಯಲು ಕೂತವರಿಗೆ ಖಾಸಗಿ ಉದ್ಯಮ ಎಂದರೇನು ಎಂದು ಹೇಳಬೇಕಿತ್ತು. ಅವರು ಹೊಸ ಅಂಕಿ ಹುಡುಕಲಿಲ್ಲ. ಎಂಟು ಅಥವಾ ಹೆಚ್ಚು ಕೆಲಸಗಾರರಿರುವ, ಆಸ್ತಿ ಖಾಸಗಿಯವರಿಗೆ ಸೇರಿದ, ಲಾಭಕ್ಕಾಗಿ ನಡೆಯುವ ಸಂಸ್ಥೆ ಎಂದು ಬರೆದರು. ನಿಯಮ ಜುಲೈ 1ರಿಂದ ಜಾರಿಗೆ ಬಂತು. 1989ರ ಕೊನೆಗೆ ಚೀನಾದಲ್ಲಿ ಅಂಥ 90,581 ಉದ್ಯಮಗಳು ದಾಖಲಾಗಿದ್ದವು. ಅವುಗಳಲ್ಲಿ ಸುಮಾರು 16 ಲಕ್ಷ 40 ಸಾವಿರ ಜನ ದುಡಿಯುತ್ತಿದ್ದರು.